ನಿವೃತ್ತಿಗೆ ಕಾದ ರೇಷ್ಮೆಲಡಿ

ನಿವೃತ್ತಿಯ ನಂತರ ಸೀರೆಗೆ ಕಸೂತಿ ಹಾಕಬೇಕೆಂದು ಶಿಕ್ಷಕಿ ಅಂಬುಜಾಕ್ಷಿಯವರು ರೇಷ್ಮೆದಾರದ ಲಡಿಯೊಂದನ್ನು ಇಪ್ಪತ್ತೆರಡು ವರ್ಷ ಡಬ್ಬಿಯಲ್ಲಿ ಕಾಪಿಟ್ಟಿದ್ದರು. ಭಾನುವಾರಗಳಂದು ದಿಂಬಿನ ಚೀಲಕ್ಕೆ ಹೂವು ಹಾಕಲು ಹೊರಡುವಾಗ ಸೂಜಿ ಅದನ್ನು ಕರೆಯುತ್ತಿತ್ತು: “ಇಂದಾದರೂ ಬಾ, ತಂಗಿ.”

“ದಿಂಬಿಗೆ ಹತ್ತಿನೂಲೇ ಹೆಚ್ಚಾಯಿತು. ನಾನು ಟೀಚರಮ್ಮನ ಬಿಡುವಿನ ದಿನಗಳಿಗೆ ಮೀಸಲು,” ಎನ್ನುತ್ತಿತ್ತು ರೇಷ್ಮೆ.

ನಿವೃತ್ತರಾದ ಮರುದಿನವೇ ಅಂಬುಜಾಕ್ಷಿಯವರು ಹೊಸ ಸೀರೆಯ ಸೆರಗನ್ನು ಮಡಿಲಲ್ಲಿ ಹರಡಿಕೊಂಡು, ಸೂಜಿಗೆ ರೇಷ್ಮೆಯನ್ನು ಪೋಣಿಸಿದರು. ಮೊದಲ ಹೊಲಿಗೆಗೇ ಎಳೆ ತುಂಡಾಯಿತು. ಮತ್ತೆ ಪೋಣಿಸಿದರು, ಮತ್ತೆ ತುಂಡಾಯಿತು.

“ನನ್ನನ್ನು ಯಾರೂ ಬಳಸಲೇ ಇಲ್ಲ. ಹೇಗೆ ಸವೆದೆ?” ಎಂದು ರೇಷ್ಮೆ ಕೇಳಿತು.

“ಡಬ್ಬಿಯೊಳಗೂ ವರ್ಷಗಳು ಕಳೆಯುತ್ತವೆ, ತಂಗಿ,” ಎಂದಿತು ಸೂಜಿ.

ಅಂಬುಜಾಕ್ಷಿಯವರು ಲಡಿಯನ್ನು ಎಸೆಯಲೂ ಆರದೆ, ಮರಳಿ ಎತ್ತಿಡಲೂ ಆರದೆ, ಬಹಳ ಹೊತ್ತು ಅಂಗೈಯಲ್ಲೇ ಹಿಡಿದು ಕುಳಿತರು.