ಮುಖ ಮುಚ್ಚಿಕೊಂಡ ತಾಯಿ

“ಗುರುಗಳೇ, ಎಲ್ಲವನ್ನೂ ಕಳೆದುಕೊಂಡವರು ಕೃತಜ್ಞರಾಗಿರುವುದು ಹೇಗೆ?” ಎಂದು ಶಿಷ್ಯ ಕೇಳಿದ.

“ಈ ಪ್ರಶ್ನೆ ಎಲ್ಲಿಂದ ಬಂತು?” ಎಂದರು ಗುರುಗಳು.

“ನಿನ್ನೆ ಪ್ರವಚನಕ್ಕೆ ಹೋಗಿದ್ದೆ. ಬಂದದ್ದೆಲ್ಲ ಪ್ರಸಾದ, ಎಲ್ಲಕ್ಕೂ ಕೈಮುಗಿಯಿರಿ ಎಂದರು.”

“ಹೇಳಿದವರದು ಊಟವಾಗಿತ್ತೇ?”

“ಆಗಿತ್ತು. ಹೋಳಿಗೆ ಊಟ.”

“ಹಾಗಾದರೆ ಹೇಳಿಯಾರು. ಕೂತುಕೋ.”

ಶಿಷ್ಯ ಕುಳಿತ. ಗುರುಗಳು ಈ ಕತೆ ಹೇಳಿದರು.

ಯೂರೋಪಿನ ಒಂದು ಸಣ್ಣ ಪಟ್ಟಣದಲ್ಲಿ ಒಬ್ಬ ಯೆಹೂದಿ ಹೆಂಗಸಿದ್ದಳು. ಅವಳಿಗೆ ನಾಲ್ಕು ವರ್ಷದ ಮಗಳು. ಆಗ ನಾಜಿಗಳ ಕಾಲ. ಯೆಹೂದಿಗಳಾಗಿ ಹುಟ್ಟಿದವರನ್ನು ಹುಡುಕಿ, ರೈಲಿಗೆ ತುಂಬಿ, ಕೊಲ್ಲುವ ಜಾಗಕ್ಕೆ ಸಾಗಿಸುತ್ತಿದ್ದರು. ಯಾರೋ ಒಬ್ಬ ಹುಚ್ಚ ಮಾಡಿದ ಕೆಲಸ ಎಂದುಕೊಳ್ಳಬೇಡ. ಅದಕ್ಕೆ ಕಚೇರಿಗಳಿದ್ದವು, ಗುಮಾಸ್ತರಿದ್ದರು. ರೈಲು ಹೊತ್ತಿಗೆ ಸರಿಯಾಗಿ ಹೊರಡುತ್ತಿತ್ತು. ಓದಿದ ಜನ ಮಾಡಿದ ಕೆಲಸ ಅದು.

ಗಂಡನನ್ನು ಆಗಲೇ ಒಯ್ದಿದ್ದರು. ಮನೆಯಲ್ಲಿ ತಾಯಿ, ಮಗು ಇಬ್ಬರೇ. ತಮ್ಮ ಸರದಿ ಬರುವ ಮುಂಚೆ ತಾಯಿ ಮಗುವನ್ನು ಒಬ್ಬ ರೈತನ ಕೈಗೊಪ್ಪಿಸಿದಳು. ಅವನು ಪಟ್ಟಣಕ್ಕೆ ಹಾಲು ತರುವವನು. ಖಾಲಿ ಕ್ಯಾನುಗಳ ನಡುವೆ ಮಗುವನ್ನು ಕೂರಿಸಿಕೊಂಡು ಹಳ್ಳಿಗೆ ಹೋದ. ತಂಗಿಯ ಮಗಳು ಎಂದು ಊರಿಗೆ ಹೇಳಿದ. ಸಿಕ್ಕಿಬಿದ್ದಿದ್ದರೆ ಅವನ ಮನೆಯವರಿಗೂ ಸಾವೇ ಗತಿ. ರೈತನ ಹೆಂಡತಿ ಮಗುವಿಗೆ ಬೇರೆ ಹೆಸರಿಟ್ಟಳು. ತಮ್ಮ ಚರ್ಚಿನ ಪ್ರಾರ್ಥನೆ ಬಾಯಿಪಾಠ ಮಾಡಿಸಿದಳು. ಹಿಂದಿನ ಮನೆಯ ಮಾತು ಎತ್ತಬೇಡ ಎಂದು ದಿನವೂ ಹೇಳಿದಳು. ಮಗು ಜಾಣೆ, ಎತ್ತಲಿಲ್ಲ. ಎತ್ತದ ಮಾತು ಕ್ರಮೇಣ ಮರೆತೂ ಹೋಯಿತು.

ಯುದ್ಧ ಮುಗಿಯಿತು. ಮಗುವನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಹುಡುಗಿ ದೊಡ್ಡವಳಾದ ಮೇಲೆ ರೈತ ನಿಜ ಹೇಳಿದ. ತಾಯಿಯ ಹೆಸರು ಅವನಿಗೆ ಗೊತ್ತಿತ್ತು. ಫೋಟೋ ಇರಲಿಲ್ಲ. ಅಮ್ಮ ಹೇಗಿದ್ದಳು ಎಂದು ಹುಡುಗಿ ಕೇಳಿದಳು. ಚೆನ್ನಾಗಿದ್ದಳು ಎಂದ ರೈತ. ಹಾಲಿನವನು. ಗಿರಾಕಿಯ ಮುಖಕ್ಕಿಂತ ಗಿರಾಕಿಯ ಪಾತ್ರೆ ನೋಡಿದ್ದೇ ಹೆಚ್ಚು.

ಹುಡುಗಿ ಓದಿ ಶಾಲೆಯಲ್ಲಿ ಭೂಗೋಳ ಕಲಿಸಿದಳು. ಮದುವೆಯಾದಳು, ಮಕ್ಕಳನ್ನು ಸಾಕಿದಳು, ನಿವೃತ್ತಳಾದಳು. ಗಂಡ ತೀರಿಕೊಂಡ. ಮುದುಕಿಯಾದ ಮೇಲೆ ಒಂದು ದಿನ, ಮೊಮ್ಮಗ ಬಿಟ್ಟುಹೋಗಿದ್ದ ಬಣ್ಣದ ಪೆಟ್ಟಿಗೆಯನ್ನು ತೆರೆದಳು. ದಿವ್ಯಪ್ರೇರಣೆ ಏನೂ ಇಲ್ಲ. ಹೊತ್ತು ಹೋಗುತ್ತಿರಲಿಲ್ಲ, ಅಷ್ಟೇ.

ಬಣ್ಣ ಮುಟ್ಟಿದ ಮೇಲೆ ಆಸೆ ಹುಟ್ಟಿತು. ಸಾಯುವ ಮೊದಲು ತಾಯಿಯ ಮುಖ ಬರೆಯಬೇಕು. ಆ ಮುಖ ಕಂಡವರಲ್ಲಿ ಇನ್ನೂ ಉಸಿರಾಡುತ್ತಿದ್ದವಳು ಅವಳೊಬ್ಬಳೇ. ಅವಳೂ ಬರೆಯದೆ ಹೋದರೆ ಆ ಮುಖ ಈ ಭೂಮಿಯ ಮೇಲೆ ಇರಲೇ ಇಲ್ಲ ಎಂದಾಗುತ್ತಿತ್ತು. ಕೊಂದವರು ಬಯಸಿದ್ದೂ ಅದನ್ನೇ.

ಆದರೆ ತಲೆಯಲ್ಲಿ ಉಳಿದದ್ದು ಒಂದೇ ಒಂದು ನೆನಪು. ತಾಯಿ ನಿಂತಿದ್ದಾಳೆ. ತಲೆಗೆ ಬಟ್ಟೆ ಕಟ್ಟಿದ್ದಾಳೆ. ಅವಳ ಮುಂದೆ ಎಲ್ಲ ಬಿಳುಪು, ಬಿಳುಪಿನ ಮೇಲೆ ಬೆಂಕಿ. ತಾಯಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಾಳೆ. ಎಲ್ಲಿಂದಲೋ ಬ್ರೆಡ್ಡಿನ ವಾಸನೆ.

ಅವಳು ಕೂತು ಯೋಚಿಸಿದಳು. ಬಿಳುಪು ಎಂದರೆ ಹಿಮ. ಬೆಂಕಿ ಎಂದರೆ ಸುಡುತ್ತಿರುವ ಮನೆ. ತಲೆಗೆ ಬಟ್ಟೆ ಕಟ್ಟಿದವಳು ಮನೆ ಬಿಟ್ಟು ಹೊರಟವಳು. ಮುಖ ಮುಚ್ಚಿಕೊಂಡವಳು ಅಳುತ್ತಿರಬೇಕು. ಬ್ರೆಡ್ಡಿನ ವಾಸನೆ, ಹಸಿದ ಮಗುವಿನ ಭ್ರಮೆ. ತರ್ಕವೇನೋ ಅಚ್ಚುಕಟ್ಟಾಗಿತ್ತು. ತನ್ನ ಜನ ಹೇಗೆ ಸತ್ತರು ಎಂದು ತಿಳಿಸುವ ಪುಸ್ತಕಗಳನ್ನೆಲ್ಲ ಅವಳು ಓದಿದ್ದಳು. ಹೇಗೆ ಬದುಕಿದ್ದರು ಎಂದು ತಿಳಿಸುವ ಒಂದನ್ನೂ ಓದಿರಲಿಲ್ಲ.

ಅಳುವ ತಾಯಿಯ ಚಿತ್ರ ಬರೆದಳು. ಜನ ಮೆಚ್ಚಿದರು. ಇನ್ನೊಂದು ಬರೆದಳು. ಮೊದಲ ಚಿತ್ರದಲ್ಲಿ ಬೆಂಕಿ ಅಂಗೈಯಷ್ಟಿತ್ತು. ವಿಮರ್ಶಕರು ಹೊಗಳಿದಂತೆಲ್ಲ ಅದು ಬೆಳೆಯಿತು. ಕೊನೆಕೊನೆಗೆ ಇಡೀ ಬೀದಿಯೇ ಹೊತ್ತಿ ಉರಿಯಿತು. ಆ ನೆನಪಿನ ಮೇಲೆ ಒಂದು ಪುಸ್ತಕವನ್ನೂ ಬರೆದಳು. ರಾಜಧಾನಿಯ ಮ್ಯೂಸಿಯಂ ಒಂದು ಕೋಣೆಯನ್ನೇ ಅವಳ ಚಿತ್ರಗಳಿಗೆ ಬಿಟ್ಟುಕೊಟ್ಟಿತು. ಜನ ಬಂದು, ನಿಂತು, ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಮನೆಗೆ ಬಂದು ಅವಳು ಬೇರೆ ಚಿತ್ರಕ್ಕೆ ಕೂರುತ್ತಿದ್ದಳು. ಕೈಗಳಿಲ್ಲದ ಚಿತ್ರ. ಅಳುತ್ತಿರುವ ಒಂದು ಮುಖ. ಬರೆದರೆ ಯಾರದೋ ಮುಖ ಬರುತ್ತಿತ್ತು. ಕೆರೆದು ಹಾಕುತ್ತಿದ್ದಳು. ಮತ್ತೆ ಬರೆಯುತ್ತಿದ್ದಳು, ಮತ್ತೆ ಕೆರೆಯುತ್ತಿದ್ದಳು. ಹೆತ್ತವಳ ಮುಖ ನೆನಪಿಡಲಾಗದ ನಾನು ಎಂಥ ಮಗಳು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಕಣ್ಣು ಮಂಜಾಗತೊಡಗಿತ್ತು.

ಒಂದು ದಿನ ಆ ಮ್ಯೂಸಿಯಮ್ಮಿಗೆ ಒಬ್ಬ ಯೆಹೂದಿ ಅಜ್ಜಿ ಬಂದಳು. ಬೇರೆ ದೇಶದವಳು. ಮೊಮ್ಮಗಳು ಎಳೆದುಕೊಂಡು ಬಂದಿದ್ದಳು. ಕಲಾವಿದೆಯೂ ಆ ಹೊತ್ತಿಗೆ ಅಲ್ಲೇ ಇದ್ದಳು. ಕೋಣೆಯಲ್ಲಿ ಎಲ್ಲರೂ ಸಾವಿನ ಮನೆಗೆ ಬಂದವರಂತೆ ನಿಂತಿದ್ದರು. ಅಜ್ಜಿ ದೊಡ್ಡ ಚಿತ್ರವನ್ನು ನೋಡಿ, “ಓ, ಶುಕ್ರವಾರ ಸಂಜೆ,” ಎಂದಳು.

“ಮೆಲ್ಲಗೆ ಅಜ್ಜಿ,” ಎಂದಳು ಮೊಮ್ಮಗಳು.

“ಯಾಕೆ, ಯಾರಾದರೂ ಮಲಗಿದ್ದಾರೆಯೇ? ಚಿತ್ರ ಚೆನ್ನಾಗಿದೆ. ಆದರೆ ಎರಡು ಮೇಣದಬತ್ತಿಗೆ ಇಷ್ಟೊಂದು ಬೆಂಕಿ ಬೇಕಿತ್ತೇ? ಮೇಜಿನ ಬಟ್ಟೆ ಹೊತ್ತಿಕೊಂಡೀತು.”

ಕಲಾವಿದೆ ಹತ್ತಿರ ಬಂದು, “ಅವಳು ನನ್ನ ತಾಯಿ. ಅಳುತ್ತಿದ್ದಾಳೆ,” ಎಂದಳು.

“ಅಳುವವಳು ಕೈ ಹೀಗಿಡುವುದಿಲ್ಲ ತಂಗೀ. ಅಂಗೈಯಲ್ಲಿ ಮುಖ ಒತ್ತಿಕೊಳ್ಳುತ್ತಾಳೆ. ಇವಳ ಬೆರಳು ಕಣ್ಣಿನ ಮೇಲೆ ಸುಮ್ಮನೆ ಕೂತಿದೆ, ನೋಡು. ನೀನೇ ಬರೆದೆಯಲ್ಲ. ನಿಮ್ಮ ಮನೆಯಲ್ಲಿ ಶುಕ್ರವಾರ ದೀಪ ಹಚ್ಚುತ್ತಿರಲಿಲ್ಲವೇ?”

“ನನ್ನನ್ನು ಸಾಕಿದವರು ಚರ್ಚಿಗೆ ಹೋಗುವವರು.”

ಅಜ್ಜಿಗೆ ಅರ್ಥವಾಯಿತು. ಕೈಚೀಲವನ್ನು ಮೊಮ್ಮಗಳಿಗೆ ಕೊಟ್ಟಳು. ಕೊರಳಿನ ವಸ್ತ್ರವನ್ನು ತಲೆಗೆ ಎಳೆದುಕೊಂಡು, ಅಲ್ಲೇ ನಿಂತು ಮಾಡಿ ತೋರಿಸಿದಳು. ಶುಕ್ರವಾರ ಹೊತ್ತು ಮುಳುಗುವ ಮುಂಚೆ, ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ದೀಪ ಹಚ್ಚಬೇಕು. ಹಚ್ಚಿದ ಮೇಲೆ ಬೆಳಕನ್ನು ಎರಡೂ ಕೈಯಿಂದ ತನ್ನ ಕಡೆಗೆ ಕರೆದುಕೊಳ್ಳಬೇಕು. ಆಮೇಲೆ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ. ಪ್ರಾರ್ಥನೆ ಮುಗಿಯುವವರೆಗೆ ಆ ಬೆಳಕನ್ನು ನೋಡುವ ಹಾಗಿಲ್ಲ. ಮುಗಿದ ಮೇಲೆ ಕೈ ತೆಗೆದು, ಮನೆಯವರ ಕಡೆ ತಿರುಗಿ, ಶುಭ ಹೇಳಬೇಕು.

“ಹಿಮ?” ಎಂದಳು ಕಲಾವಿದೆ.

“ಯಾವ ಹಿಮ? ಅದು ಮೇಜಿನ ಬಿಳಿ ಬಟ್ಟೆ. ಇಸ್ತ್ರಿ ಮಾಡಿಸಿ ಮಾಡಿಸಿಯೇ ನಮ್ಮಮ್ಮ ನನ್ನ ಪ್ರಾಣ ತೆಗೆಯುತ್ತಿದ್ದಳು.”

“ಬ್ರೆಡ್ಡಿನ ವಾಸನೆ?”

“ಶುಕ್ರವಾರ ಬ್ರೆಡ್ ಸುಡದ ಮನೆ ಯಾವುದಿತ್ತು?”

ಕಲಾವಿದೆ ಬೆಂಚಿನ ಮೇಲೆ ಕುಳಿತಳು. “ಇನ್ನೊಂದು ಸಲ ಮಾಡಿ ತೋರಿಸಿ,” ಎಂದಳು. ಅಜ್ಜಿ ತೋರಿಸಿದಳು. ಮೂರನೆಯ ಸಲ ಇಬ್ಬರೂ ಸೇರಿ ಮಾಡಿದರು. ಕಾವಲುಗಾರ ನೋಡಿಯೂ ನೋಡದವನಂತೆ ಆಚೆ ಹೋದ.

ಮರುದಿನ ಅವಳು ಮ್ಯೂಸಿಯಮ್ಮಿನ ಮುಖ್ಯಸ್ಥನ ಬಳಿ ಹೋಗಿ, ಚಿತ್ರಗಳ ಹೆಸರು ಬದಲಿಸಬೇಕು ಎಂದಳು. ಅವನು ಸಭ್ಯ ಮನುಷ್ಯ.

“ಮೇಡಂ, ಜನ ಈ ಚಿತ್ರದ ಮುಂದೆ ಅಳುತ್ತಾರೆ,” ಎಂದ.

“ಅಳಲಿ. ನನ್ನ ತಾಯಿ ಅಳುತ್ತಿಲ್ಲ.”

ಹೆಸರು ಬದಲಾಯಿತು. ‘ಅಳುವ ತಾಯಿ’ ಎಂದಿದ್ದದ್ದು ‘ಶುಕ್ರವಾರ’ ಎಂದಾಯಿತು. ಬರುವವರು ಕಡಿಮೆಯಾದರು. ವಯಸ್ಸಾದಂತೆ ಕಲಾವಿದೆಯ ದೃಷ್ಟಿ ಮೊಂಡಾಗಿದೆ ಎಂದು ಒಬ್ಬ ವಿಮರ್ಶಕ ಬರೆದ. ಅವನಿಗೆ ಬೇಕಾದ ಬೆಂಕಿ ಸಿಕ್ಕಿರಲಿಲ್ಲ.

ಅವಳು ಇನ್ನೊಂದು ಪುಸ್ತಕ ಬರೆದಳು. ತೆಳುವಾದದ್ದು. ಮೊದಲನೆಯದರಲ್ಲಿ ತಾನು ಬರೆದದ್ದು ತಪ್ಪು ಎಂದು ಮೊದಲ ಪುಟದಲ್ಲೇ ಹೇಳಿದಳು. ಸಾವು ಬೀದಿಯ ತುದಿಗೆ ಬಂದಿದ್ದಾಗಲೂ ಒಬ್ಬ ಹೆಂಗಸು ಎರಡು ಮೇಣದಬತ್ತಿ ಹೊಂದಿಸಿಕೊಂಡಳು, ಎಲ್ಲಿಂದಲೋ ಹಿಟ್ಟು ತಂದಳು, ಮೇಜಿಗೆ ಬಟ್ಟೆ ಹಾಸಿದಳು. ಅದನ್ನು ಬರೆದಳು. ತನ್ನ ಪ್ರಾಣ ಪಣಕ್ಕಿಟ್ಟ ಹಾಲಿನವನನ್ನು, ಮರೆಯಲು ಕಲಿಸಿ ಬದುಕಿಸಿದ ಅವನ ಹೆಂಡತಿಯನ್ನು ಬರೆದಳು. ನಾಲ್ಕು ವರ್ಷದ ಪುಟ್ಟ ತಲೆ ಅಷ್ಟೆಲ್ಲ ಕಂಡು, ಅಷ್ಟರಲ್ಲಿ ಒಂದನ್ನೇ ಆರಿಸಿ ಇಟ್ಟುಕೊಂಡಿತ್ತು. ಇದನ್ನು ಆರಿಸಿಕೊಂಡಿತಲ್ಲ ಎಂದು ಆ ತಲೆಗೂ ಕೃತಜ್ಞತೆ ಹೇಳಿದಳು. ದೇವರಿಗೆ ಹೇಳಲಿಲ್ಲ. ಅವರಿಬ್ಬರ ಲೆಕ್ಕ ಬೇರೆ.

ನಂಬಿಕೆ ಇರಲಿಲ್ಲ. ಆದರೂ ಪ್ರತಿ ಶುಕ್ರವಾರ ದೀಪ ಹಚ್ಚಿ ಕಣ್ಣು ಮುಚ್ಚಿಕೊಳ್ಳತೊಡಗಿದಳು. ಮುಚ್ಚಿದ ಕೈಗಳ ಒಳಗೆ ಬೆರಳ ಸಂದಿನಿಂದ ಕೆಂಪು ಬೆಳಕು ಇಳಿಯುತ್ತಿತ್ತು. ಅವಳ ಕಡೆಯ ಚಿತ್ರಗಳಲ್ಲಿ ತಾಯಿ ಇಲ್ಲ, ಮನೆ ಇಲ್ಲ. ಬರೀ ಆ ಕೆಂಪು. ತಾಯಿ ಮುಚ್ಚಿದ ಕೈಗಳ ಒಳಗಿನಿಂದ ಕಂಡದ್ದು.

ಗುರುಗಳು ನಿಲ್ಲಿಸಿದರು.

“ಆದರೆ ತಾಯಿಯನ್ನು ಕೊಂದರಲ್ಲ,” ಎಂದ ಶಿಷ್ಯ.

“ಕೊಂದರು. ಎಲ್ಲಿ, ಯಾವ ದಿನ ಎಂದು ಯಾರಿಗೂ ತಿಳಿಯದು. ಅದು ಬದಲಾಗಲಿಲ್ಲ. ಅದಕ್ಕೂ ಕೈಮುಗಿ ಎಂದು ಯಾರಾದರೂ ಹೇಳಿದ್ದರೆ ಅವಳು ಬಾಗಿಲು ತೋರಿಸುತ್ತಿದ್ದಳು. ನಾನೂ ತೋರಿಸುತ್ತಿದ್ದೆ.”

ಶಿಷ್ಯ ಕೇಳಿದ. “ಕೊನೆಗಾದರೂ ಅವಳಿಗೆ ತಾಯಿಯ ಮುಖ ನೆನಪಾಯಿತೇ?”

“ಇಲ್ಲ,” ಎಂದರು ಗುರುಗಳು. “ಕೈ ತೆಗೆದ ಕೂಡಲೇ ಆ ಮುಖ ಯಾರನ್ನು ನೋಡಿತು ಎಂಬುದು ಮಾತ್ರ ತಿಳಿಯಿತು.”