ಹದಿಮೂರನೆಯ ಸಾಲು

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಮಠವೆಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಪಡಸಾಲೆ, ಹಿತ್ತಲಲ್ಲಿ ನೀರು ಕಾಯಿಸುವ ಒಲೆ, ಒಂದು ಬಿಲ್ವದ ಗಿಡ. ಅಲ್ಲಿ ಇದ್ದವರು ಇಬ್ಬರೇ. ಗುರು ಶಂಭುಲಿಂಗಜ್ಜ, ಶಿಷ್ಯ ಅಡವೆಪ್ಪ.

ಸುತ್ತಲಿನ ಹಳ್ಳಿಯವರು ದಿನ ಕೇಳಲು ಮಠಕ್ಕೆ ಬರುತ್ತಿದ್ದರು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಜವಳ ತೆಗೆಸುವ ದಿನ, ತೀರಿಕೊಂಡವರ ವರ್ಷದ ತಿಥಿ. ಮೊದಲೆಲ್ಲ ಅಜ್ಜರೇ ಹೇಳುತ್ತಿದ್ದರು. ಕಣ್ಣು ಮಂಜಾದ ಮೇಲೆ ಆ ಕೆಲಸವನ್ನು ಅಡವೆಪ್ಪನಿಗೆ ಬಿಟ್ಟರು. ಇದು ಅವನ ಎರಡನೆಯ ವರ್ಷ.

ಅಡವೆಪ್ಪ ಅಚ್ಚುಕಟ್ಟಿನ ಮನುಷ್ಯ. ಯುಗಾದಿಗೆ ಪಡಸಾಲೆಯ ಗೋಡೆಗೆ ಸುಣ್ಣ ಬಳಿದು, ಇದ್ದಿಲಿನಿಂದ ಹನ್ನೆರಡು ಸಾಲು ಎಳೆದ. ತಿಂಗಳಿಗೊಂದು ಸಾಲು. ಯಾರ ಮನೆಯ ಯಾವ ದಿನ ಎಂದು ಬರುತ್ತದೆ ಎಂಬುದನ್ನೆಲ್ಲ ಅದರಲ್ಲಿ ಬರೆದ. ತಿಂಗಳ ಹೆಸರುಗಳನ್ನು ಹೋದ ವರ್ಷದಂತೆಯೇ ಬರೆದ, ಪಂಚಾಂಗ ಬಿಚ್ಚಿ ನೋಡಲಿಲ್ಲ. ತಿಂಗಳುಗಳೇನು ವರ್ಷಕ್ಕೊಮ್ಮೆ ಬದಲಾಗುತ್ತವೆಯೇ?

ಒಂದು ದಿನ ಮಾತ್ರ ಬರೆಯುವುದು ಉಳಿದಿತ್ತು.

ಪ್ರತಿ ಶ್ರಾವಣದ ಕೊನೆಯ ಸೋಮವಾರ ಅಜ್ಜರು ತಮ್ಮ ಗುರುಗಳ ನೆನಪಿಗೆ ಒಂದು ಹಂಡೆ ನೀರು ಕಾಯಿಸುತ್ತಿದ್ದರು. ಆ ನೀರಿನಲ್ಲಿ ಯಾರೂ ಜಳಕ ಮಾಡುತ್ತಿರಲಿಲ್ಲ. ಅಜ್ಜರು ಅದರ ಪಕ್ಕ ಕುಳಿತಿರುತ್ತಿದ್ದರು. ಪೂರ್ತಿ ಆರಿದ ಮೇಲೆ ಬಿಲ್ವದ ಗಿಡಕ್ಕೆ ಸುರಿಯುತ್ತಿದ್ದರು. ಇಂಥ ಆಚರಣೆ ಯಾವ ಶಾಸ್ತ್ರದಲ್ಲಿದೆ ಎಂದು ಅಡವೆಪ್ಪನಿಗೆ ತಿಳಿಯುತ್ತಿರಲಿಲ್ಲ.

"ಅಜ್ಜಾರ, ನಿಮ್ಮ ಗುರುಗಳು ಲಿಂಗೈಕ್ಯ ಆದ ತಿಥಿ ಯಾವದ್ರಿ? ಗ್ವಾಡಿಗೆ ಬರೀಬೇಕು."

"ಬ್ಯಾಡ ಬಿಡು. ಅದು ಗ್ವಾಡಿಗೆ ಹಿಡಿಯೂ ದಿನ ಅಲ್ಲ."

"ಹನ್ನೆರಡು ಸಾಲಿನ್ಯಾಗ ಹಿಡಿಯಲಾರದ್ದು ಯಾವದೈತ್ರಿ?"

ಅಜ್ಜರು ನಕ್ಕರು.

ಆಷಾಢ ಮುಗಿಯುವ ಹೊತ್ತಿಗೆ ಯಂಕವ್ವ ಬಂದಳು. ಮೂರು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು.

"ನಮ್ಮ ಮನಿಯವರ ದಿನಾ ಯಾವಾಗ್ರಿ?"

ಅಡವೆಪ್ಪ ಗೋಡೆಯ ಮೇಲೆ ಬೆರಳಾಡಿಸಿದ. "ಹನಮಪ್ಪಂದು ಶ್ರಾವಣ ಶುದ್ಧ ಬಿದಿಗಿ. ಬರೂ ಗುರುವಾರ."

"ಈ ಸಲ ಮೈದುನನ್ನ ಕರೀಬೇಕಂತ ಮಾಡೇನ್ರಿ," ಎಂದಳು ಯಂಕವ್ವ. ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಸಣ್ಣದಾಯಿತು.

ಅದಕ್ಕೊಂದು ಕಾರಣವಿತ್ತು. ಏಳು ವರ್ಷದ ಹಿಂದೆ ಅವಳ ಮಗಳ ಮದುವೆ. ಮದುವೆಗೆ ಒಡಹುಟ್ಟಿದವರನ್ನು ಮನೆಯವರೇ ಹೋಗಿ, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯಬೇಕು. ಗಡಿಬಿಡಿಯಲ್ಲಿ ಹನಮಪ್ಪ ತಮ್ಮನಿಗೆ ಯಾರದೋ ಬಾಯಲ್ಲಿ ಹೇಳಿ ಕಳಿಸಿದ. ನಮ್ಮವನೇ ಅಲ್ಲವೇ, ಬರುತ್ತಾನೆ ಎಂದುಕೊಂಡ.

ತಮ್ಮ ದ್ಯಾಮಣ್ಣ ಬರಲಿಲ್ಲ. ಒಂದೇ ಊರು, ನಡುವೆ ಎರಡು ಓಣಿ. ಅಂದಿನಿಂದ ಅಣ್ಣನ ಮನೆಯ ನೀರನ್ನೂ ಮುಟ್ಟಲಿಲ್ಲ. ಅಣ್ಣ ಸತ್ತಾಗ ಹೆಗಲು ಕೊಟ್ಟ, ಹೊಳೆಯಲ್ಲಿ ಮಿಂದ, ಊಟಕ್ಕೆ ನಿಲ್ಲದೆ ಹೋದ.

"ಬರ್ತಾನಂತೀರೇನ್ರಿ?" ಎಂದು ಯಂಕವ್ವ ಕೇಳಿದಳು.

"ದಿನಾ ಸರಿ ಇದ್ರ ಎಲ್ಲಾ ಸರಿ ಆಗ್ತೈತಿ," ಎಂದ ಅಡವೆಪ್ಪ.

ಶುಕ್ರವಾರ ಬೆಳಿಗ್ಗೆ ಯಂಕವ್ವ ಒಂದು ಮೊರದ ತುಂಬ ಜೋಳ ಹೊತ್ತು ಬಂದಳು. ಮುಖ ಅರಳಿತ್ತು.

"ಬಂದಿದ್ದನ್ರಿ! ಎರಡು ಹೋಳಿಗಿ ಹಾಕಿಸ್ಕೊಂಡ. ಸಾರಿಗೆ ಉಪ್ಪು ಕಡಿಮಿ ಅಂತ ಬೈದ. ಹಿಂದಕ್ಕ ಬೈತಿದ್ನಲ್ಲ, ಹಂಗ ಬೈದ."

"ಎಡಿ?"

"ಕಾಗಿ ಬಂದು ಮುಟ್ಟೇ ಬಿಡ್ತು!"

ಎಡೆ ಎಂದರೆ ತೀರಿಕೊಂಡವರಿಗೆ ಇಷ್ಟವಾಗಿದ್ದ ಅಡುಗೆಯನ್ನು ಎಲೆಗೆ ಬಡಿಸಿ ಮಾಳಿಗೆಯ ಮೇಲೆ ಇಡುವುದು. ಅದನ್ನು ಕಾಗೆ ಮುಟ್ಟಿದರೆ ಹೋದವರು ಬಂದು ಉಂಡಂತೆ. ಅದು ಮುಟ್ಟುವವರೆಗೆ ಮನೆಯವರು ಉಣ್ಣುವುದಿಲ್ಲ.

"ಓಣ್ಯಾಗ ಮಂದಿ ಏನೇನೋ ಅಂದ್ರು ಬಿಡ್ರಿ," ಎಂದಳು ಯಂಕವ್ವ ಹೊರಡುತ್ತ. "ಇದು ಬರೋಬ್ಬರಿ ದಿನ ಅಲ್ಲಂತ. ಮಠದಾಗ ಹೇಳ್ಯಾರ, ನೀವ್ಯಾರು ಕೇಳಾಕ ಅಂದೆ."

ಅಡವೆಪ್ಪನಿಗೆ ಹೆಮ್ಮೆಯಾಯಿತು. ಮಂದಿ ಯಾಕೆ ಹಾಗೆ ಅಂದರು ಎಂದು ಕೇಳಬೇಕೆಂದು ತೋಚಲಿಲ್ಲ.

ರವಿವಾರ ಅವನ ಗೋಡೆಯ ಪ್ರಕಾರ ನಾಗರ ಪಂಚಮಿ. ಬಟ್ಟಲಲ್ಲಿ ಹಾಲು ಹಿಡಿದು ಹುತ್ತದ ಕಡೆಗೆ ಹೊರಟ. ದಾರಿಯಲ್ಲಿ ಒಂದು ಮರಕ್ಕೂ ಜೋಕಾಲಿ ಕಟ್ಟಿರಲಿಲ್ಲ. ಹುತ್ತದ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

ದೋಣಿಯ ಫಕೀರಪ್ಪ ಅವನ ಬಟ್ಟಲು ನೋಡಿ ಬಿದ್ದು ಬಿದ್ದು ನಕ್ಕ.

"ಅಡವೆಪ್ಪಾ, ನಾಗಪ್ಪ ಇನ್ನೂ ಮಲಗ್ಯಾನೋ ಮಾರಾಯಾ! ಈಗೇನು ಎಬ್ಬಸ್ತಿ? ಈ ವರ್ಷ ಅಧಿಕ ಮಾಸ. ಪಂಚಮಿ ಮುಂದಿನ ತಿಂಗಳ. ಆ ಹಾಲು ನನಗರೆ ಕುಡಸು."

ಅಡವೆಪ್ಪ ನಿಂತಲ್ಲೇ ನಿಂತ.

ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದು. ಆ ಕೊರತೆ ತುಂಬಲು ಸುಮಾರು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಎರಡು ಸಲ ಬರುತ್ತದೆ. ಮೊದಲು ಬರುವುದು ಅಧಿಕ, ಆಮೇಲೆ ಬರುವುದು ನಿಜ. ಹಬ್ಬಗಳೂ ಹಿರಿಯರ ದಿನಗಳೂ ನಿಜ ಮಾಸಕ್ಕೆ ಸಲ್ಲಬೇಕು. ಇದು ಅಡವೆಪ್ಪನಿಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಅವನ ಗೋಡೆಯಲ್ಲಿ ಹನ್ನೆರಡೇ ಸಾಲಿತ್ತು.

ಅವನು ಮರಳಿ ಬಂದಾಗ ಅಜ್ಜರು ಪಡಸಾಲೆಯಲ್ಲಿ ಕುಳಿತು ಯಂಕವ್ವನ ಜೋಳ ಹಸನು ಮಾಡುತ್ತಿದ್ದರು. ಕಣ್ಣು ಮಂಜಾದ್ದರಿಂದ ಬೆರಳಿನಿಂದಲೇ ಮುಟ್ಟಿ ಮುಟ್ಟಿ ಕಲ್ಲು ಹುಡುಕುತ್ತಿದ್ದರು.

"ಅಜ್ಜಾರ, ತಪ್ಪಾತ್ರಿ."

"ಹಾಲು ಚೆಲ್ಲಿದೇನು?"

"ಯಂಕವ್ವಗ ತಪ್ಪು ದಿನಾ ಹೇಳೇನ್ರಿ. ಹನಮಪ್ಪನ ಖರೇ ದಿನ ಇನ್ನೂ ಮುಂದಿನ ತಿಂಗಳೈತಿ."

ಅಜ್ಜರ ಬೆರಳು ಜೋಳದ ಮೇಲೆ ಆಡುತ್ತಲೇ ಇತ್ತು.

"ಹೇಳಲಾರದ ಇದ್ರ ನಡೀತೈತೇನ್ರಿ?" ಎಂದ ಅಡವೆಪ್ಪ. "ಕಾಗಿ ಮುಟ್ಟೈತಿ. ದ್ಯಾಮಣ್ಣ ಉಂಡಾನ. ಏಳು ವರ್ಷದ ಮ್ಯಾಲ ಮನಿ ಕೂಡೇತಿ. ಹೋಗಿ ಹೇಳಿದ್ರ ಮತ್ತ ಒಡದೀತು. ಆ ಪಾಪ ಯಾರಿಗ್ರಿ?"

ಅಜ್ಜರು ಜೋಳದಿಂದ ಒಂದು ಸಣ್ಣ ಕಲ್ಲು ತೆಗೆದು ಅವನ ಅಂಗೈಯಲ್ಲಿ ಇಟ್ಟರು.

"ಜ್ವಾಳದ ಜೋಡಿ ಕುದಿಸಿದ್ರ ಇದು ಮೆತ್ತಗ ಆಗ್ತೈತೇನು?"

"ಇಲ್ರಿ."

"ಯಾರ ಹಲ್ಲಿಗೆ ಸಿಗ್ತೈತಿ?"

ಅಡವೆಪ್ಪ ಎದ್ದ. ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ಊರಿನ ದಾರಿ ಹಿಡಿದ.

ಯಂಕವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

"ಮತ್ತ ಕಾಗಿ ಬಂತಲ್ರಿ?"

"ಬಂತವ್ವಾ."

"ಅದಕ್ಕೂ ನೀವ ದಿನಾ ಹೇಳಿ ಕಳಿಸಿದ್ರೇನು?"

ಅವಳು ನಕ್ಕಳು. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

"ನಂದೇನಿಲ್ರಿ. ಇನ್ನೊಮ್ಮೆ ಎಡಿ ಇಡ್ತೇನಿ, ಅದೇನು ಭಾರ? ದ್ಯಾಮಣ್ಣನ ಚಿಂತಿ ನನಗ. ಸರಿಯಾಗಿ ಕರೀಲಿಲ್ಲಂತ ಏಳು ವರ್ಷ ಮುನಿಸ್ಕೊಂಡಾವ. ಈಗ ಕರದ ದಿನಾನ ಸುಳ್ಳ ಅಂದ್ರ, ಇವರು ನನ್ನ ಚ್ಯಾಷ್ಟಿ ಮಾಡ್ಯಾರ ಅಂತಾನ. ಅವನ ಮುಂದ ನಿಂತು ನಾ ಏನಂತ ಹೇಳ್ಲಿ?"

"ನೀವು ಬ್ಯಾಡ. ತಪ್ಪು ನಂದು. ನಾನ ಹೇಳ್ತೇನಿ."

ಎರಡು ಓಣಿ ದಾಟುವುದು ಅಡವೆಪ್ಪನಿಗೆ ಎರಡು ಗುಡ್ಡ ದಾಟಿದಂತಾಯಿತು.

ದ್ಯಾಮಣ್ಣ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಒರಟು ಕೈಯ, ಮಾತು ಕಡಿಮೆಯ ಮನುಷ್ಯ. ಅಡವೆಪ್ಪ ಎಲ್ಲವನ್ನೂ ಹೇಳಿ ಮುಗಿಸಿದ.

ದ್ಯಾಮಣ್ಣ ತಲೆ ಎತ್ತಲಿಲ್ಲ.

"ಈ ಹಗ್ಗಾ ಯಾತಕ್ಕಂತೀ?"

"ಗೊತ್ತಿಲ್ರಿ."

"ಮೊಮ್ಮಗಳಿಗೆ ಪಂಚಮಿ ಜೋಕಾಲಿ ಕಟ್ಟಾಕ. ಪಂಚಮಿ ಮುಂದಿನ ತಿಂಗಳ. ಊರಾಗ ಎಲ್ಲಾರಿಗೂ ಗೊತ್ತೈತಿ, ನಿನಗ ಬಿಟ್ಟು."

ಅಡವೆಪ್ಪನಿಗೆ ಏನೂ ತಿಳಿಯಲಿಲ್ಲ.

"ಅಂದ್ರ ಅವತ್ತು ಖರೇ ದಿನ ಅಲ್ಲಂತ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ ಯಾಕ ಹೋದ್ರಿ?"

ಹಗ್ಗ ಹೊಸೆಯುವ ಕೈ ನಿಂತಿತು.

"ಎರಡು ವರ್ಷ ಅವನ ದಿನಾ ಬಂದಾಗೆಲ್ಲ ಆ ಮನಿ ಬಾಗಲ ತನಕ ಹೋಗಿ ಬಂದೇನಿ. ಒಳಗ ಕಾಲಿಡಾಕ ಆಗಲಿಲ್ಲ. ಸತ್ತಾವನ ಹೆಸರಿನ ಊಟ ನನ್ನ ಗಂಟಲ್ದಾಗ ಇಳೀತಿರಲಿಲ್ಲ. ಇದ್ದಾಗ ಉಣಲಿಲ್ಲ, ಸತ್ತ ಮ್ಯಾಲ ಹ್ಯಾಂಗ ಉಣ್ಲಿ?"

ಅವನು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿದ.

"ಅವತ್ತು ವೈನಿ ಬಂದು ಕರದ್ಲು. ತಿಥಿ ಅಲ್ಲಂತ ನನಗ ಗೊತ್ತಿತ್ತು. ಯಾರೂ ಸತ್ತ ದಿನ ಅಲ್ಲ ಅದು. ಅಣ್ಣನ ಮನ್ಯಾಗ ಸುಮ್ಮ ಒಂದ ಊಟ. ಹೋದೆ. ಉಂಡೆ."

 ಕೊನೆಗೆ ಅಡವೆಪ್ಪ ಅಂಜುತ್ತ ಕೇಳಿದ.

"ಖರೇ ದಿನಾ ಬರ್ತೀರೇನ್ರಿ? ಯಂಕವ್ವ ಮತ್ತ ಬಂದು ಕರೀತಾಳ."

"ಬ್ಯಾಡ ಅನ್ನು," ಎಂದ ದ್ಯಾಮಣ್ಣ. ಮತ್ತೆ ಹಗ್ಗ ಹೊಸೆಯತೊಡಗಿದ.

ಬರುತ್ತೇನೆ ಎಂದನೋ, ಬರುವುದಿಲ್ಲ ಎಂದನೋ? ಅಡವೆಪ್ಪ ಕಟ್ಟೆಯ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಂತ. 

ನಿಜ ಶ್ರಾವಣದ ಬಿದಿಗೆ ಬಂತು. ಅಡವೆಪ್ಪ ಬೆಳಗಾಗುತ್ತಲೇ ಯಂಕವ್ವನ ಮನೆಗೆ ಹೋಗಿ ಕಟ್ಟಿಗೆ ಒಡೆದುಕೊಟ್ಟ, ನೀರು ಸೇದಿಕೊಟ್ಟ. ಅಡುಗೆಯಾಯಿತು. ಯಂಕವ್ವ ಎಡೆಗೆ ಬಡಿಸಿದಳು. ಇಬ್ಬರೂ ಬಾಗಿಲ ಕಡೆಗೇ ನೋಡುತ್ತಿದ್ದರು.

"ಕರೀಬ್ಯಾಡ ಅಂದ್ನಲ್ರಿ," ಎಂದಳು ಯಂಕವ್ವ. "ಬರೂದಿಲ್ಲ ಬಿಡ್ರಿ. ಎಡಿ ಆರ್ತೈತಿ. ನೀವ ಮ್ಯಾಲ ಇಟ್ಟು ಬರ್ರಿ."

ಅಡವೆಪ್ಪ ಎಲೆಯನ್ನು ಎತ್ತಿಕೊಂಡ.

"ಇಲ್ಲಿ ಕೊಡು," ಎಂದಿತು ಬಾಗಿಲಲ್ಲಿ ಒಂದು ದನಿ.

ದ್ಯಾಮಣ್ಣ ಹೊಳೆಯಲ್ಲಿ ಮಿಂದು ಒದ್ದೆ ತಲೆಯಲ್ಲೇ ಬಂದಿದ್ದ.

"ಕರೀಬ್ಯಾಡ ಅಂದ್ಯಲ್ಲೋ ತಮ್ಮಾ!" ಎಂದಳು ಯಂಕವ್ವ.

"ನಮ್ಮಣ್ಣನ ದಿನಕ್ಕ ನನ್ನನ್ಯಾಕ ಕರೀತಿ, ವೈನಿ? ಬ್ಯಾರೇದವರನ್ನ ಕರಿ."

ಅವನು ಎಲೆ ಹಿಡಿದು ಏಣಿ ಹತ್ತಿದ. ಮಾಳಿಗೆಯ ಅಂಚಿನಲ್ಲಿ ಎಡೆ ಇಟ್ಟು ಹಿಂದೆ ಸರಿದು ನಿಂತ. ಕಾಗೆ ಬರಲಿಲ್ಲ.

ಬಿಸಿಲು ಏರಿತು. ಬೇವಿನ ಗಿಡದಲ್ಲಿ ಎರಡು ಕಾಗೆ ಕುಳಿತಿದ್ದವು, ಇಳಿಯಲಿಲ್ಲ.  ಹೋದವರ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ ಎನ್ನುತ್ತಾರೆ. ಏನು ಉಳಿದಿದೆ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ದ್ಯಾಮಣ್ಣ ಎರಡು ಹೆಜ್ಜೆ ಮುಂದೆ ಹೋದ. ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಕಟ್ಟಿದ. ಹಿರಿಯರನ್ನು ಊಟಕ್ಕೆ ಎಬ್ಬಿಸುವಾಗ ಹಾಗೆ ಮಾಡುವುದು ರೂಢಿ.

"ಅಣ್ಣಾ," ಎಂದ. "ಯಾರ ಕೈಯಾಗೂ ಹೇಳಿ ಕಳಿಸಿಲ್ಲ. ನಾನ ಕರಿಯಾಕ ಬಂದೇನಿ. ಏಳು, ಉಣ್ಣು ಬಾ."

ಬೇವಿನ ಗಿಡದ ಒಂದು ಕೊಂಬೆ ಅಲುಗಿತು.

ಆ ದಿನ ಮೂವರೂ ಉಣ್ಣುವಾಗ ದ್ಯಾಮಣ್ಣ ಸಾರಿಗೆ ಉಪ್ಪು ಕಡಿಮೆ ಎಂದು ಬೈಯಲಿಲ್ಲ. ಕಡಿಮೆಯಂತೂ ಇತ್ತು.

ಅಡವೆಪ್ಪ ಮಠಕ್ಕೆ ಬಂದು ಆ ಕಲ್ಲನ್ನು ಅಜ್ಜರ ಮುಂದೆ ಇಟ್ಟ.

"ನಿನ್ನ ಹತ್ರಾನ ಇರಲಿ," ಎಂದರು ಅಜ್ಜರು. "ಮುಂದಿನ ಸಲಕ್ಕ ಬೇಕಾದೀತು."

ಅವನು ಇದ್ದಿಲು ತೆಗೆದುಕೊಂಡು ಗೋಡೆಯ ಮುಂದೆ ಕುಳಿತ. ಹನ್ನೆರಡು ಸಾಲುಗಳ ನಡುವೆ ಜಾಗವಿರಲಿಲ್ಲ. ಕೊನೆಗೆ ಕೆಳಗೆ, ನೆಲಕ್ಕೆ ತಾಗುವಂತೆ ಅಧಿಕ ಮಾಸಕ್ಕೆಂದು ಹದಿಮೂರನೆಯದನ್ನು ಎಳೆದ. ಅದರಲ್ಲಿ ಬಿದಿಗೆಯ ಜಾಗದಲ್ಲಿ 'ಹನಮಪ್ಪನ ಮನೆಯಲ್ಲಿ ಊಟ' ಎಂದಷ್ಟೇ ಬರೆದ.

ಶ್ರಾವಣದ ಕೊನೆಯ ಸೋಮವಾರ ಅಜ್ಜರು ಹಿತ್ತಲ ಒಲೆಯ ಮೇಲೆ ಹಂಡೆ ಇಟ್ಟರು. ನೀರು ಕಾಯಿತು. ಹಂಡೆ ಇಳಿಸಿ ಪಕ್ಕದಲ್ಲಿ ಕುಳಿತರು. ಅಡವೆಪ್ಪ ತಿಂಗಳಿಂದ ತಲೆಯಲ್ಲಿದ್ದ ಮಾತನ್ನು ಕೇಳಿಯೇಬಿಟ್ಟ.

"ಅಜ್ಜಾರ, ಎರಡೂ ದಿನ ಕಾಗಿ ಬಂತು. ಎರಡೂ ದಿನ ದ್ಯಾಮಣ್ಣ ಉಂಡ. ಎರಡರಾಗ ಹನಮಪ್ಪನ ದಿನ ಯಾವದ್ರಿ?"

ಅಜ್ಜರು ಹೊಳೆಯ ಕಡೆ ನೋಡಿದರು.

"ನಾ ನಿನ್ನಷ್ಟಿದ್ದೆ," ಎಂದರು. "ಶ್ರಾವಣದ ಕೊನೀ ಸೋಮವಾರ ನಮ್ಮ ಗುರುಗಳು ದೋಣಿ ಹತ್ತಿದ್ರು. ನೀರು ಕಾಸಿಡು, ಜಳಕದ ಹೊತ್ತಿಗೆ ಬರ್ತೇನಿ ಅಂದ್ರು. ಕಾಸಿಟ್ಟೆ."

"ಬರಲಿಲ್ಲೇನ್ರಿ?"

"ಆಚೀ ಊರಾಗ ಜ್ವರ ಬಂದು ಮಲಗಿದ್ರಂತ. ನನಗ ಸುದ್ದಿ ಮುಟ್ಟೂದ್ರಾಗ ಸಮಾಧಿನೂ ಆಗಿತ್ತು. ಕೆಲವರು ಬುಧವಾರ ಹೋದ್ರು ಅಂದ್ರು. ಕೆಲವರು ಶುಕ್ರವಾರ ಅಂದ್ರು."

"ಹಂಗಾರ ಸೋಮವಾರ ಅವರ ದಿನ ಅಲ್ಲಲ್ರಿ!"

"ಅಲ್ಲ."

"ಮತ್ತ ಇವತ್ತ ಯಾಕ್ರಿ?"

ಅಜ್ಜರು ಹಂಡೆಯೊಳಗೆ ಬೆರಳು ಅದ್ದಿ ನೋಡಿದರು.

"ಇನ್ನೂ ಬೆಚ್ಚಗೈತಿ. ಕುಂಡ್ರು."