ಸೀಗೆದಿಬ್ಬದ ಹಳಿ

ಬಳ್ಳಾರಿ ಸೀಮೆಯ ಅದಿರುಬೆಟ್ಟಗಳ ನಡುವೆ ಹಿರೇಗುಂಡ್ಲವೆಂಬ ಊರಿದೆ. ಅಲ್ಲಿಂದ ಗಣಿಗೆ ಹೋಗುವ ಹಳೆಯ ರೈಲುದಾರಿಯ ಕಡಿದಾದ ಏರಿಗೆ ಸೀಗೆದಿಬ್ಬ ಎಂದು ಹೆಸರು. ಹೆಸರು ಕೇಳಿ ಸೀಗೆಬಳ್ಳಿ ಹುಡುಕಿಕೊಂಡು ಬಂದ ಪಂಡಿತರಿಗೆ ಜಾಲಿಮುಳ್ಳು ಚುಚ್ಚಿದ್ದಷ್ಟೇ ಲಾಭ. ಉಗಿಬಂಡಿಗಳು ನಿಂತು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಅಳಿದಿಲ್ಲ. ಅಳಿಯಲು ನಮ್ಮೂರ ಹೆಂಗಸರು ಬಿಡುವುದೂ ಇಲ್ಲ.

ಹಿಂದೆ ಒಮ್ಮೆ, ಉಗಿಬಂಡಿ ಈ ಕಡೆಗೆ ಹೊಸದಾಗಿ ಬಂದ ಕಾಲದಲ್ಲಿ, ಊರಿನವರೇ ಬಂಡೆ ಒಡೆದು, ಜಲ್ಲಿ ಹೊತ್ತು ಈ ದಾರಿ ಮಾಡಿದರು. ಕೂಲಿ ಹೆಂಗಸರಿಗೆ ಹೊನ್ನೂರವ್ವ ಮುಂದಾಳು. ಆಕೆಯ ಗಂಡ ಇಲ್ಲಿಯೇ ಉರುಳಿದ ಬಂಡೆಗೆ ಸಿಕ್ಕು ಸತ್ತಿದ್ದ. ಗಾಡಿ ಈ ಏರು ಹತ್ತಿದರೇ ಅವನ ಜೀವಕ್ಕೆ ಬೆಲೆ ಎಂದು ಆಕೆ ಹಟ ಹಿಡಿದು ದುಡಿದಳು. ಮೊದಲ ಬಂಡಿ ಬಂದ ದಿನ ರೈಲಿನ ದೊಡ್ಡ ಸಾಹೇಬರೂ ಬಂದು ನಿಂತರು. ಬಂಡಿ ಅರ್ಧ ಏರಿತು. ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗಿದವು. ಬಂಡಿ ಜಾರಿ ಹಿಂದಕ್ಕೆ ಬಂತು. ಮತ್ತೆ ಹತ್ತಿಸಿದರೂ ಅದೇ ಕಥೆ. ಸಂಜೆಯೊಳಗೆ ಏರದಿದ್ದರೆ ಹಳಿ ಕಿತ್ತು ಪಕ್ಕದ ಕಣಿವೆಯಲ್ಲಿ ಬೇರೆ ದಾರಿ ಹಾಕಿಸುತ್ತೇನೆ ಎಂದರು ಸಾಹೇಬರು. ಹೊನ್ನೂರವ್ವನ ಎದೆ ಒಡೆದುಹೋಯಿತು ಎನ್ನುತ್ತಾರೆ.

ಡ್ರೈವರ್ ದಸ್ತಗಿರಿ ಸಾಬರು ಇಳಿದು ಬಂದು ಹಳಿ ಮುಟ್ಟಿ, ಬೆರಳು ಮೂಸಿದರು. ಹರಳೆಣ್ಣೆಯ ವಾಸನೆ.

"ಇದನ್ನ ಹಚ್ಚಿದ್ದು ಯಾರವ್ವಾ?"

ಸುಮ್ಮನಿರಬಹುದಿತ್ತು. ಹೊನ್ನೂರವ್ವ ಮುಂದೆ ಬಂದಳು. "ನಾನೇ ಯಪ್ಪಾ. ಊರಿಗೆ ಹೊಸದಾಗಿ ಬರಾಕತ್ತೈತಿ, ಎಣ್ಣಿ ಎರೀದ ಹೆಂಗ ಕರಕೊಳ್ಳಾದು?"

ಸಾಬರು ನಕ್ಕುಬಿಟ್ಟರು. "ಎಣ್ಣಿ ಎರದ ಮ್ಯಾಲೆ ತೊಳಿಯಾದು ಬ್ಯಾಡೇನು? ಬಿಸಿನೀರು ನನ್ನ ಗಾಡಿ ಕೊಡತೈತಿ, ಸೀಗಿಪುಡಿ ನೀ ತಾ."

ಊರಿಗೆ ಊರೇ ಓಡಿತು. ಮನೆಮನೆಯ ಸೀಗೆಪುಡಿಯೆಲ್ಲ ಹಳಿಗೆ ಬಂತು. ಆ ವಾರ ಹಿರೇಗುಂಡ್ಲದಲ್ಲಿ ಯಾರೂ ತಲೆಗೆ ಎರೆದುಕೊಳ್ಳಲಿಲ್ಲವಂತೆ. ಹೆಂಗಸರು ಸೆರಗು ಸಿಕ್ಕಿಸಿ, ಏರಿನುದ್ದಕ್ಕೂ ಸಾಲಾಗಿ ಕುಳಿತು ಹಳಿ ತಿಕ್ಕಿ ತೊಳೆದರು. ಸಾಬರು ಮೇಲೆ ಒಣ ಮರಳು ಚೆಲ್ಲಿಸಿ ಬಂಡಿ ಹತ್ತಿದರು. ಹೊತ್ತು ಮುಳುಗುವ ಮೊದಲು ಬಂಡಿ ಏದುಸಿರು ಬಿಡುತ್ತ, ಕರಿಹೊಗೆ ಕಾರುತ್ತ, ಒಂದು ಗೇಣೂ ಜಾರದೆ ದಿಬ್ಬದ ನೆತ್ತಿ ಮುಟ್ಟಿತು. ಸೀಟಿ ಬೆಟ್ಟಕ್ಕೆ ಬೆಟ್ಟವನ್ನೇ ನಡುಗಿಸಿತು. ಸಾಹೇಬರು ಟೋಪಿ ತೆಗೆದು ಬೀಸಿದರು. ಹೊನ್ನೂರವ್ವ ಗಂಡ ಸತ್ತ ಬಂಡೆಗೆ ಕೈಯಿಟ್ಟು, "ಏರಿತು ನೋಡು" ಎಂದು ಅಳುತ್ತಲೇ ನಕ್ಕಳು.

ಆ ಬಂಡೆಯ ಪಕ್ಕದಲ್ಲಿ ಈಗ ಒಂದು ತುಂಡು ಹಳಿಯಷ್ಟೇ ಉಳಿದಿದೆ. ಊರಿಗೆ ಬಂದ ಪ್ರತಿ ಹೊಸ ಸೊಸೆಯೂ ಅದನ್ನು ಬಿಸಿನೀರು, ಸೀಗೆಪುಡಿಯಿಂದ ತಿಕ್ಕಿ ಒರೆಸಬೇಕು. ಎಣ್ಣೆ ಹಿಡಿದು ಬಂದವರನ್ನು ಮುದುಕಿಯರು ದೂರದಿಂದಲೇ ಗದರುತ್ತಾರೆ. ಗಣಿಯ ಕಬ್ಬಿಣವೆಲ್ಲ ತುಕ್ಕು ಹಿಡಿದು ಬಿದ್ದಿದೆ. ಹೊನ್ನೂರವ್ವನ ಹಳಿಯಲ್ಲಿ ಇಂದಿಗೂ ಮುಖ ಕಾಣುತ್ತದೆ.